ಮೇಷ್ಟ್ರ ಮಂಡಿ ಸವೆದ ಕಥೆ

ಮೂವತ್ತೊಂದು ವರ್ಷ ಒಂದೇ ಪಾಠ ಮಾಡಿದವನಿಗೆ ಆ ಪಾಠ ಅರ್ಥವಾಗಿರುತ್ತದೆ ಎಂದು ಊರವರು ನಂಬಿಕೊಂಡಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ನಾನೂ ಹಾಗೇ ನಂಬಿದ್ದೆ. ಮಧುಗಿರಿಯ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಮೇಷ್ಟ್ರಾಗಿದ್ದ ನಾನು ವರ್ಷಕ್ಕೊಂದು ಸಲ ತಪ್ಪದೆ ಮೂಳೆ ಮತ್ತು ಕೀಲುಗಳ ಪಾಠ ಮಾಡಿದ್ದೇನೆ. ಮಂಡಿಯ ವಿಷಯ ಬಂದಾಗ ತರಗತಿಯ ಬಾಗಿಲ ಹತ್ತಿರ ಹೋಗಿ, ಅದನ್ನು ಎರಡು ಸಲ ತೆಗೆದು ಹಾಕಿ, ನಿಮ್ಮ ಮಂಡಿಯೂ ಇಷ್ಟೇ ಕಣ್ರಪ್ಪ, ಒಂದೇ ಕಡೆಗೆ ತಿರುಗುವ ಕೀಲು ಎನ್ನುತ್ತಿದ್ದೆ. ಬಾಗಿಲು ಕಿರ್ ಎನ್ನುತ್ತಿತ್ತು, ಹುಡುಗರು ನಗುತ್ತಿದ್ದರು. ಮಂಡಿ ಹಾಗೆ ಸದ್ದು ಮಾಡುವುದಿಲ್ಲ, ಮೂಳೆಗಳ ತುದಿಗೆ ಮೃದ್ವಸ್ಥಿಯ ಹೊದಿಕೆ ಇರುತ್ತದೆ ಎಂದು ಹೇಳಿ ಬೋರ್ಡಿನ ಮೇಲೆ ಚಿತ್ರ ಬರೆದು, ಭಾಗಗಳನ್ನು ಗುರುತಿಸುತ್ತಿದ್ದೆ. ಚಿತ್ರ ಬರೆಯುವುದರಲ್ಲಿ ನನಗೆ ಸ್ವಲ್ಪ ಹೆಸರಿತ್ತು. ನಿವೃತ್ತನಾದ ಎರಡನೇ ವರ್ಷ ನನ್ನ ಬಲಮಂಡಿ ಆ ಬಾಗಿಲಿಗಿಂತ ಜೋರಾಗಿ ಸದ್ದು ಮಾಡತೊಡಗಿತು.

ಮೊದಮೊದಲು ನಾನು ಇದನ್ನು ಯಾರಿಗೂ ಹೇಳಲಿಲ್ಲ. ಪೂಜೆಗೆ ಮಣೆಯ ಮೇಲೆ ಕೂತವನು ಏಳುವಾಗ ಒಂದು ಕೈಯನ್ನು ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಗಂಟೆ ಹಿಡಿದು, ಕಟಕ್ ಎನ್ನುವ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿಬಿಡುತ್ತಿದ್ದೆ. ಈಚೆಗೆ ನಿಮ್ಮ ಭಕ್ತಿ ಜಾಸ್ತಿಯಾಗಿದೆ ಎಂದು ನನ್ನ ಹೆಂಡತಿ ಗಿರಿಜ ಹೇಳಿದ್ದುಂಟು. ಬಸ್ಸಿನ ಮೆಟ್ಟಿಲು ಇಳಿಯುವಾಗ ಹಿಂದಿನವರಿಗೆ ದಾರಿ ಬಿಡುವ ದೊಡ್ಡ ಮನುಷ್ಯನಂತೆ ಕಂಬಿ ಹಿಡಿದು ನಿಂತು, ಎಲ್ಲರೂ ಇಳಿದ ಮೇಲೆ ಅಡ್ಡಡ್ಡ ಇಳಿಯುತ್ತಿದ್ದೆ. ಊಟದ ವಿಷಯ ಮಾತ್ರ ಕಷ್ಟವಾಯಿತು. ನಮ್ಮ ಕಡೆ ಈಗ ಯಾವ ಕಾರ್ಯಕ್ಕೆ ಹೋದರೂ ನೆಲದ ಪಂಕ್ತಿಯ ಹಿಂದೆ ಒಂದು ಸಾಲು ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಆ ಸಾಲನ್ನು ನಾನು ಹತ್ತು ವರ್ಷದಿಂದ 'ಮಂಡಿಯವರ ಓಣಿ' ಎಂದು ಕರೆದು ನಗಿಸಿದ್ದೇನೆ. ಈಗ ಆ ಓಣಿಗೆ ಹೋಗಿ ಕೂರಲು ಮುಖ ಎಲ್ಲಿಂದ ತರಲಿ? ಹಸಿವಿಲ್ಲ ಎಂದು ಹೇಳಿ ಎರಡು ಮದುವೆಗಳಲ್ಲಿ ಊಟ ಬಿಟ್ಟು ಬಂದೆ. ಎರಡರಲ್ಲೂ ಒಬ್ಬಟ್ಟು ಇತ್ತು.

ಹೀಗೇ ಮರೆಮಾಚಿಕೊಂಡು ಕಾಲ ಹಾಕಿಬಿಡಬಹುದಿತ್ತೋ ಏನೋ. ಅಷ್ಟರಲ್ಲಿ ತಾವರೆಕೆರೆಯಿಂದ ನನ್ನ ತಂಗಿ ಸರೋಜ ಫೋನ್ ಮಾಡಿ, ಮಗಳು ರಮ್ಯಳಿಗೆ ಗಂಡು ಗೊತ್ತಾಯಿತು, ಇನ್ನು ಮೂರು ತಿಂಗಳಿಗೆ ಸಿರಾದ ಛತ್ರದಲ್ಲಿ ಮದುವೆ ಎಂದಳು. ನಮ್ಮ ಮನೆತನದಲ್ಲಿ ಮದುಮಗಳು ಮಂಟಪಕ್ಕೆ ನಡೆದು ಬರುವ ಹಾಗಿಲ್ಲ. ಸೋದರಮಾವ ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಹಸೆಯ ಮೇಲೆ ಕೂರಿಸಬೇಕು. ರಮ್ಯಳಿಗೆ ಇರುವ ಸ್ವಂತ ಸೋದರಮಾವ ನಾನೊಬ್ಬನೇ. ಅವಳ ಅಪ್ಪ ಅವಳು ಎರಡನೇ ತರಗತಿಯಲ್ಲಿದ್ದಾಗ ಹೋಗಿಬಿಟ್ಟರು. ಆ ದಿನ ಮನೆ ತುಂಬ ಜನ ಅಳುತ್ತಿದ್ದಾಗ ಈ ಮಗುವನ್ನು ಎತ್ತಿಕೊಂಡು ಹೊಲದ ಕಡೆ ಹೋದವನು ನಾನು. ಯಾಕೆ ಎತ್ಕೊಂಡಿದೀಯ ಮಾವ, ನನಗೆ ನಡೆಯಕ್ಕೆ ಬರುತ್ತೆ ಎಂದಿತು ಅದು. ನಿನ್ನ ಮದುವೆಗೆ ಎತ್ಕೋಬೇಕಲ್ಲ, ಈಗಿನಿಂದಲೇ ಅಭ್ಯಾಸ ಮಾಡ್ತಿದೀನಿ ಎಂದಿದ್ದೆ. ಮಗುವಿಗೆ ಹೇಳಿದ ಮಾತು ಮಗು ಮರೆಯುತ್ತದೆ ಎಂದುಕೊಂಡಿದ್ದೆ. ತಂಗಿಯ ಕೈಯಿಂದ ಫೋನ್ ಕಿತ್ತುಕೊಂಡು ರಮ್ಯ ಹೇಳಿದ್ದು ಒಂದೇ ಮಾತು.

"ಮಾವ, ಅಭ್ಯಾಸ ಐತಾ?"

ಐತಮ್ಮ ಎಂದೆ. ಹೇಳುತ್ತಿದ್ದಾಗಲೇ ಮಂಡಿ ಕಟಕ್ ಎಂದಿತು. ಆದರೂ ಏನೇ ಆಗಲಿ, ಈ ಮಗುವನ್ನು ಎತ್ತಿಯೇ ತೀರುತ್ತೇನೆ ಎಂದು ಆ ಕ್ಷಣದಲ್ಲೇ ನಿರ್ಧಾರ ಮಾಡಿಬಿಟ್ಟೆ. ನಾನು ಹಟ ಹಿಡಿದರೆ ಬಿಡುವವನಲ್ಲ ಎಂಬುದಕ್ಕೆ ನನ್ನ ಕೈಯಲ್ಲಿ ನಪಾಸಾದ ಎಷ್ಟೋ ಮಕ್ಕಳು ಸಾಕ್ಷಿ ಹೇಳಬಲ್ಲರು.

ಮೂಳೆ ಡಾಕ್ಟರ ಹತ್ತಿರ ಹೋದೆ. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಆಸ್ಟಿಯೋಆರ್ಥ್ರೈಟಿಸ್ ಸಾರ್, ಮಂಡಿ ಸವೆದಿದೆ ಎಂದರು. ತೊಡೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ, ತೂಕ ಇಳಿಸಿ, ಭಾರ ಎತ್ತಬೇಡಿ ಎಂದೂ ಹೇಳಿದರು. ಎಷ್ಟು ಭಾರ ಎತ್ತಬಹುದು ಎಂದು ಕೇಳಿದೆ. ಮಾರ್ಕೆಟ್ಟಿಂದ ತರಕಾರಿ ಚೀಲ ತರಬಹುದು ಎಂದರು. ಮದುಮಗಳು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊರಗೆ ಬಂದೆ.

ವಿಷಯ ಹೊರಬಿದ್ದ ಮೇಲೆ ಸಲಹೆಗಳ ಸುರಿಮಳೆ ಶುರುವಾಯಿತು. ಕೊರಟಗೆರೆಯ ಷಡ್ಡಕ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಲು ಹೇಳಿದ. ಪಾವಗಡದ ಅತ್ತೆಯವರು ವಾವಿಲಾಕು, ಅಂದರೆ ನಮ್ಮ ಲಕ್ಕಿಸೊಪ್ಪು, ಒಂದು ಹೊರೆ ಬಸ್ಸಿಗೆ ಹಾಕಿ ಕಳಿಸಿದರು. ಸಿರಾದ ಸ್ನೇಹಿತರೊಬ್ಬರು ಗುಟ್ಟಿನಲ್ಲಿ ಮೇಕೆ ಕಾಲಿನ ಸೂಪು ಎಂದರು. ನಮ್ಮದು ಮೊಟ್ಟೆಯೂ ಸೇರದ ಮನೆ. ಸೂಪಿನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ, ಆದರೆ ಮೇಕೆಯ ಕಾಲು ತಲೆಯಲ್ಲಿ ಉಳಿಯಿತು. ಯಾಕೆಂದರೆ ಆ ಎಕ್ಸ್‌ರೇಯಲ್ಲಿ ನನಗೆ ಬೇಕಾದದ್ದು ಕಂಡಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಅದು ಇರಬೇಕಾದ ಕಡೆ ಬರೀ ಕಪ್ಪು ಸಂದು. ಆ ಸಂದು ಕಿರಿದಾಗಿದೆ ಎಂದು ನೋಡಿ, ಹೊದಿಕೆ ಸವೆದಿದೆ ಎಂದು ಲೆಕ್ಕ ಹಾಕಬೇಕು. ನಾನು ಎದುರಿಸಬೇಕಾದ ಶತ್ರುವಿನ ಮುಖವನ್ನೇ ನೋಡಿಲ್ಲ ಎನಿಸಿತು. ಶಾಲೆಯಲ್ಲಿ ವರ್ಷಕ್ಕೊಮ್ಮೆ ಅಟೆಂಡರ್ ತಂದಿಡುತ್ತಿದ್ದ ಮೇಕೆಯ ಕೀಲನ್ನು ನಾನು ಮೂರು ಅಡಿ ದೂರದಿಂದ, ಬೆತ್ತದ ತುದಿಯಲ್ಲಿ ತೋರಿಸಿ ಕೈ ತೊಳೆದುಕೊಂಡವನು.

ಮಧುಗಿರಿಯಲ್ಲಾದರೆ ಎಲ್ಲರಿಗೂ ಗುರುತು. ಅದಕ್ಕೇ ಬಸ್ಸು ಹತ್ತಿ ಸಿರಾಕ್ಕೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿ ನಯಾಜ್ ಮಟನ್ ಅಂಗಡಿ ಇಟ್ಟಿದ್ದಾನೆ. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ವಿಷಯದಲ್ಲೇ ಎರಡು ಸಲ ಕೂತವನು. ನನ್ನನ್ನು ಅಂಗಡಿಯ ಮುಂದೆ ಕಂಡು ಕತ್ತಿ ಕೆಳಗಿಟ್ಟು ಎದ್ದು ನಿಂತ. ಎಳೆಯ ಮೇಕೆಯದು ಒಂದು, ಮುದಿ ಮೇಕೆಯದು ಒಂದು, ಎರಡು ಮಂಡಿ ತೋರಿಸಪ್ಪ ಎಂದೆ. ಅವನು ಏನನ್ನೂ ಕೇಳದೆ ಎರಡನ್ನೂ ಬಿಡಿಸಿ ಹಲಗೆಯ ಮೇಲಿಟ್ಟ. ನಾನು ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದು ದೂರದಿಂದ ಚಾಚಿದೆ. ನಯಾಜ್ ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಕೈಗೆ ತೊಡಿಸಿ ಹೇಳಿದ:

"ಸಾರ್, ಕೋಲಲ್ಲಿ ತೋರ್ಸಿದ್ರೆ ನಮ್ಗೆ ಹೆಂಗೆ ಗೊತ್ತಾಗ್ಬೇಕಿತ್ತು? ಮುಟ್ನೋಡಿ. ಬಿಲ್ಕುಲ್ ಬೇರೆ ಬೇರೆ."

ಮುಟ್ಟಿದೆ. ಎಳೆಯ ಮೇಕೆಯ ಮೂಳೆಯ ತುದಿ ನೀಲಿ ಬೆರೆತ ಬಿಳುಪು, ಎಳನೀರಿನ ಗಂಜಿಯ ಹಾಗೆ ತೇವ, ನಯ. ಬೆರಳಿಟ್ಟರೆ ಜಾರಿಹೋಯಿತು. ಮುದಿ ಮೇಕೆಯದು ಹಳದಿಗೆ ತಿರುಗಿತ್ತು. ಮೇಲ್ಮೈ ಹಳೆಯ ಟವೆಲ್ಲಿನಂತೆ ನೂಲು ನೂಲಾಗಿ ಎದ್ದಿತ್ತು, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ನಡುವೆ ಒಂದು ಕಡೆ ಹೊದಿಕೆ ಪೂರ್ತಿ ಹೋಗಿ ಮೂಳೆಯೇ ಹೊರಗೆ ಬಂದು, ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಅಂಚಿನಲ್ಲಿ ಗಂಟು ಗಂಟಾಗಿ ಮೂಳೆ ಬೆಳೆದಿತ್ತು. ಪುಸ್ತಕದಲ್ಲಿ ಓದಿ ಒಪ್ಪಿಸುತ್ತಿದ್ದದ್ದೆಲ್ಲ ಬೆರಳ ತುದಿಯಲ್ಲಿ ಸಿಕ್ಕಿತು. ಮೃದ್ವಸ್ಥಿ ಎಂದರೆ ಗಟ್ಟಿ ನಾರುಗಳ ಬಲೆ. ಬಲೆಯ ತುಂಬ ನೀರು ಹಿಡಿದಿಡುವ ಲೋಳೆಯಂಥ ಪದಾರ್ಥ. ಕಾಲೂರಿದಾಗ ನೀರು ಹಿಂಡಿ ಹೊರಗೆ ಬರುತ್ತದೆ, ಎತ್ತಿದಾಗ ಮತ್ತೆ ಒಳಗೆ ಹೋಗುತ್ತದೆ. ರಕ್ತನಾಳ ಇಲ್ಲದ ಈ ಬಡಪಾಯಿಗೆ ಊಟ ಸಿಗುವುದೂ ಹೀಗೆಯೇ. ಸವೆತ ಶುರುವಾದಾಗ ಮೊದಲು ಮೇಲಿನ ನಾರುಗಳು ಕಡಿಯುತ್ತವೆ. ಬಲೆ ಸಡಿಲವಾಗಿ ನೀರು ಬೇಕಾದ್ದಕ್ಕಿಂತ ಹೆಚ್ಚು ನುಗ್ಗಿ ಹೊದಿಕೆ ಊದಿ ಮೆತ್ತಗಾಗುತ್ತದೆ. ಆಮೇಲೆ ಆ ಲೋಳೆಯೇ ಸೋರಿಹೋಗುತ್ತದೆ, ಬಿರುಕು ಆಳಕ್ಕಿಳಿಯುತ್ತದೆ. ಒಳಗಿನ ಜೀವಕೋಶಗಳು ಗುಂಪು ಕಟ್ಟಿಕೊಂಡು ರಿಪೇರಿಗೆ ಇಳಿಯುತ್ತವೆ, ಆದರೆ ಅವು ಹಾಕುವ ತೇಪೆ ಮೊದಲಿನ ಬಟ್ಟೆಯಷ್ಟು ಗಟ್ಟಿ ಇರುವುದಿಲ್ಲ. ಕೆಳಗಿನ ಮೂಳೆ ದಪ್ಪವಾಗುತ್ತದೆ, ಅಂಚಿನಲ್ಲಿ ಮುಳ್ಳು ಬೆಳೆಸುತ್ತದೆ. ಇಷ್ಟೆಲ್ಲ ಆಗುವಾಗ ಮೃದ್ವಸ್ಥಿ ತಾನಾಗಿ ನೋಯುವುದಿಲ್ಲ, ಯಾಕೆಂದರೆ ಅದಕ್ಕೆ ನರವಿಲ್ಲ. ಇದು ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಬರುತ್ತದೆ ಎಂದು ನಾನು ಪ್ರತಿ ವರ್ಷ ಅಡಿಗೆರೆ ಹಾಕಿಸುತ್ತಿದ್ದೆ.

ನಯಾಜ್ ಮೇಕೆಯ ಮಂಡಿಯ ಮೇಲೆ ಕೈಯಿಟ್ಟು, ಈ ಮುದುಕಿ ಕೊನೆಯವರೆಗೂ ಬುಕ್ಕಾಪಟ್ಟಣದ ಗುಡ್ಡ ಹತ್ತುತ್ತಿತ್ತು ಸಾರ್, ತೊಡೆ ನೋಡಿ ಹೆಂಗೈತೆ ಎಂದ. ತೊಡೆ ನಿಜಕ್ಕೂ ಕಲ್ಲಿನಂತಿತ್ತು. ಡಾಕ್ಟರಮ್ಮ ಹೇಳಿದ್ದರ ಅರ್ಥ ನನಗೆ ಆಗ ತಿಳಿಯಿತು. ಹೋದ ಹೊದಿಕೆಯನ್ನು ತರಲಾರೆ, ಆದರೆ ಸ್ನಾಯು ಗಟ್ಟಿಯಿದ್ದರೆ ಕೀಲಿನ ಮೇಲಿನ ಹೊರೆ ತಗ್ಗುತ್ತದೆ. ಒಂದು ಮೇಕೆಯ ಕೈಲಾದದ್ದು ನನ್ನ ಕೈಲಿ ಆಗುವುದಿಲ್ಲವೇ ಎಂದು ಹುರುಪಿನಿಂದ ಬಸ್ಸು ಹತ್ತಿದೆ.

ಇಡೀ ಸಿರಾ ಪೇಟೆಯಲ್ಲಿ ನನ್ನನ್ನು ನೋಡಬಾರದಿದ್ದ ಒಬ್ಬನೇ ಮನುಷ್ಯ ನಮ್ಮ ಪಕ್ಕದ ಮನೆಯ ಪುಟ್ಟಸ್ವಾಮಿ, ಅವನು ನೋಡಿದ್ದ. ನನ್ನ ಬಸ್ಸು ಬಡವನಹಳ್ಳಿ ದಾಟುವಷ್ಟರಲ್ಲಿ ಅವನ ಹೆಂಡತಿ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ನಮ್ಮ ಮನೆಗೆ ಹೋಗಿ, ಮೇಷ್ಟ್ರು ಮಟನ್ ಅಂಗಡಿಯಲ್ಲಿ ಕೈಗೆ ಕವರ್ ಹಾಕ್ಕೊಂಡು ಕಾಲು ಆರಿಸುತ್ತಿದ್ದರು ಎಂದು ವರದಿ ಒಪ್ಪಿಸಿಯಾಗಿತ್ತು. ನಾನು ಮನೆಗೆ ಬಂದಾಗ ಗಿರಿಜ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಸೂಪು ಕುಡಿದಿರಂತೆ ಎಂದು ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ, ಅದರಿಂದ ಇನ್ನೂ ಭಯವಾಯಿತು. ಕುಡಿಯಲಿಲ್ಲ, ನೋಡಲು ಹೋಗಿದ್ದೆ ಎಂದು ಆಣೆ ಮಾಡಿದೆ. ಏನು ನೋಡಿದೆನೆಂದು ತಿಳಿಸಲು ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ತೊಡೆಮೂಳೆ ಬರೆದು, ಅದರ ಕೆಳಗೆ ಕಣಕಾಲು ಮೂಳೆ ಶುರು ಮಾಡಿದೆ. ಅವಳು ಅವರೆಕಾಯಿಯಿಂದ ತಲೆ ಎತ್ತಲಿಲ್ಲ.

"ಈ ಚಿತ್ರ ನಾನು ಆಗ್ಲೇ ನೋಡಿವ್ನಿ."

ಎಲ್ಲಿ ಎಂದೆ.

"ಏಳು ವರ್ಷದಿಂದೆ. ಎರಡು ಮಂಡೀನೂ ನೋಯ್ತವೆ, ಕೂತ್ರೆ ಏಳಕ್ಕಾಗಲ್ಲ ಅಂತ ನಿಮ್ಗೆ ಹೇಳ್ದೆ. ನೀವು ಇಂಗೇ ಚಿತ್ರ ಬರ್ದು, ಎಲ್ಲಾ ತೋರ್ಸಿ, ಅರ್ಥ ಆಯ್ತಾ ಅಂದ್ರಿ. ಆಯ್ತು ಅಂದೆ. ನೀವು ಪೇಪರ್ ಓದಕ್ಕೋದ್ರಿ."

ಆ ಚಿತ್ರ ಈಗಲೂ ಅಡುಗೆಮನೆಯ ಕಪಾಟಿನಲ್ಲಿ ಬೇಳೆ ಡಬ್ಬಿಯ ಕೆಳಗೆ ಹಾಸಿದೆ ಎಂದಳು. ಹೋಗಿ ಡಬ್ಬಿ ಎತ್ತಿ ನೋಡಿದೆ. ಎಣ್ಣೆಯ ಕಲೆಯ ನಡುವೆ ನನ್ನದೇ ಕೈಬರಹ. ಒಳ್ಳೆಯ ಚಿತ್ರ, ಭಾಗಗಳನ್ನೆಲ್ಲ ಸರಿಯಾಗಿ ಗುರುತಿಸಿದ್ದೆ.

ಹಾಗಾದರೆ ಏಳು ವರ್ಷದಿಂದ ಏನು ಮಾಡಿದೆ ಎಂದು ಕೇಳಿದೆ. ಗಿರಿಜ ಮಲಗುವ ಕೋಣೆಯ ಬಾಗಿಲ ಕಡೆ ಕೈ ತೋರಿಸಿದಳು. ಅಲ್ಲಿ ಬಾಗಿಲು ಗಾಳಿಗೆ ಬಡಿಯದಿರಲೆಂದು ನಾನು ಅಡ್ಡ ಇಡುವ ಮರಳಿನ ಚೀಲ ಇತ್ತು. ಅದರ ಜೋಡಿ ಹಿತ್ತಿಲ ಬಾಗಿಲಿಗಿತ್ತು. ನನ್ನ ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ಹೊಲಿದು, ಎರಡು ಕಡೆ ಲಾಡಿ ಇಟ್ಟ ಚೀಲಗಳು. ನಾನು ಮೌಲ್ಯಮಾಪನಕ್ಕೆಂದು ಹೋಗಿದ್ದ ಒಂದು ವಾರದಲ್ಲಿ ಅವಳು ತುಮಕೂರಿನ ಆಸ್ಪತ್ರೆಗೆ ಹೋಗಿ, ಅಲ್ಲಿನ ಹುಡುಗಿಯಿಂದ ವ್ಯಾಯಾಮ ಕಲಿತು ಬಂದು, ಮನೆ ಕಟ್ಟುವಾಗ ಉಳಿದಿದ್ದ ಮರಳು ತುಂಬಿ ಹೊಲಿದುಕೊಂಡ ಚೀಲಗಳವು. ಬೆಳಗ್ಗೆ ನಾನು ಏಳುವ ಮೊದಲು ಬಾಗಿಲಿನಿಂದ ತೆಗೆದು, ಕಾಲಿಗೆ ಕಟ್ಟಿ, ಕುರ್ಚಿಯಲ್ಲಿ ಕೂತು ಕಾಲೆತ್ತಿ ಇಳಿಸಿ, ಮತ್ತೆ ಬಾಗಿಲಿಗಿಟ್ಟು, ನನಗೆ ಕಾಫಿ ಮಾಡುತ್ತಿದ್ದಳು. ಬಾಗಿಲಿಗೆ ಒಳ್ಳೆ ಉಪಾಯ ಮಾಡಿದ್ದೀಯ ಎಂದು ನಾನೇ ಒಮ್ಮೆ ಬೆನ್ನು ತಟ್ಟಿದ್ದೆ. ಎತ್ತಿಕೊಂಡು ಹೋಗಲು ಲಾಡಿ ಬೇರೆ ಇಟ್ಟಿದ್ದಾಳೆ, ಜಾಣೆ ಎಂದೂ ಹೇಳಿದ್ದೆ.

ನನಗೆ ನಿಜವಾಗಿ ನಾಚಿಕೆಯಾಯಿತು. ನನ್ನ ಮಂಡಿಗಾಗಿ ಡಾಕ್ಟರನ್ನು ನೋಡಿದೆ, ಎಕ್ಸ್‌ರೇ ತೆಗೆಸಿದೆ, ಕೊನೆಗೆ ಮೇಕೆಯನ್ನೂ ವಿಚಾರಿಸಿ ಬಂದೆ. ಒಂದೇ ಸೂರಿನ ಕೆಳಗಿದ್ದ ಎರಡು ಮಂಡಿಗಳನ್ನು ವಿಚಾರಿಸಲಿಲ್ಲ. ಮೃದ್ವಸ್ಥಿಗೆ ನರವಿಲ್ಲದಿರಬಹುದು, ಇವಳು ಬಾಯಿಬಿಟ್ಟು ಹೇಳಿದ್ದಳಲ್ಲ. ತಪ್ಪಾಯಿತು ಎಂದೆ. ಅವಳು ಸಿಪ್ಪೆಯ ಮೊರವನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದು, ಕೂತ್ಕೊಳ್ಳಿ, ಮದುವೆಗೆ ಎಂಬತ್ತೊಂದು ದಿನ ಐತೆ ಎಂದಳು.

ಅವತ್ತಿನಿಂದ ನಾನು ವಿದ್ಯಾರ್ಥಿಯಾದೆ. ದಿನಾ ಬೆಳಗ್ಗೆ ಎದುರುಬದುರು ಎರಡು ಕುರ್ಚಿ, ಕಾಲಿಗೆ ಮರಳಿನ ಚೀಲ. ಕಾಲು ನೆಟ್ಟಗೆ ಚಾಚಿ ಹತ್ತು ಎಣಿಸುವವರೆಗೆ ಹಿಡಿಯಬೇಕು. ಎಣಿಸುವವಳು ಅವಳು. ಪಾವಗಡದ ಹೆಣ್ಣಾದ್ದರಿಂದ ಲೆಕ್ಕ ತೆಲುಗಿನಲ್ಲೇ ಬರುತ್ತದೆ. ಒಕಟಿ, ರೆಂಡು, ಮೂಡು ಎಂದು ಬಸ್ಸಿನಂತೆ ಓಡುವ ಲೆಕ್ಕ ಎನಿಮಿದಿ ಎನ್ನುವ ಎಂಟಕ್ಕೆ ಬಂದಾಗ ನಿಂತುಬಿಡುತ್ತಿತ್ತು. ಒಲೆಯ ಮೇಲಿನ ಹಾಲು ನೋಡಿ, ಹೂವಿನವಳನ್ನು ಕೂಗಿ, ನನ್ನ ತೊಡೆ ನಡುಗುವುದನ್ನು ಸಮಾಧಾನದಿಂದ ನೋಡಿ, ಆಮೇಲೆ ತೊಮ್ಮಿದಿ ಎನ್ನುವಳು. ಮೂವತ್ತೊಂದು ವರ್ಷದಲ್ಲಿ ನಾನು ಯಾರನ್ನೂ ಬೆಂಚಿನ ಮೇಲೆ ಅಷ್ಟು ಹೊತ್ತು ನಿಲ್ಲಿಸಿರಲಿಲ್ಲ. ಆದರೂ ಬಿಡಲಿಲ್ಲ. ಒಂದು ತಿಂಗಳಿಗೆ ಗೋಡೆ ಹಿಡಿಯದೆ ಎದ್ದೆ. ಎರಡು ತಿಂಗಳಿಗೆ ಬಸ್ಸನ್ನು ನೇರವಾಗಿ ಇಳಿದೆ. ಆ ಧೈರ್ಯದಲ್ಲಿ ಒಂದು ಮಧ್ಯಾಹ್ನ, ಗಿರಿಜ ಇಲ್ಲದ ಹೊತ್ತು ನೋಡಿ, ಪಡಸಾಲೆಯಲ್ಲಿದ್ದ ಕಡಲೆಕಾಯಿ ಮೂಟೆಯನ್ನು ರಮ್ಯ ಎಂದು ಭಾವಿಸಿ ತಬ್ಬಿ ಎತ್ತಿದೆ. ಎರಡು ಹೆಜ್ಜೆ ನಡೆದೆ. ಮೂರನೆಯದಕ್ಕೆ ಮಂಡಿ ಕೈಕೊಟ್ಟು, ಮೂಟೆಯ ಮೇಲೆ ನಾನು ಕೂತೆ. ಸುಮ್ಮನೆ ಕೂತಿದ್ದೇನೆ ಎಂದು ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಹೇಳಿದೆ.

ಅವಳು ಆಗ ಗಂಪದ ಮಾತು ತೆಗೆದಳು. ಗಂಪ ಎಂದರೆ ದೊಡ್ಡ ಬಿದಿರ ಬುಟ್ಟಿ. ಪಾವಗಡದ ಕಡೆ ಅವಳ ತೌರಿನವರಲ್ಲಿ ಮದುಮಗಳನ್ನು ಅದರಲ್ಲಿ ಕೂರಿಸಿ, ನಾಲ್ಕು ಕಡೆಯಿಂದ ನಾಲ್ವರು ಹಿಡಿದು ಮಂಟಪಕ್ಕೆ ತರುತ್ತಾರೆ. ನನಗೆ ರೇಗಿತು. ಬುಟ್ಟಿಯಲ್ಲಿ ತರಲು ಅವಳೇನು ಸೌತೆಕಾಯಿಯೇ, ನಮ್ಮ ಮನೆತನದಲ್ಲಿ ಕೈಯಲ್ಲೇ ಎತ್ತುವುದು, ಮಾತು ಕೊಟ್ಟಿದ್ದೇನೆ ಎಂದು ಕೂಗಾಡಿದೆ. ನನ್ನ ಮಾತು ಮುಗಿಯುವವರೆಗೂ ಕಾದು ಅವಳು ಕೇಳಿದಳು.

"ರಮ್ಯ ಮ್ಯಾಲಕ್ಕೆ ಹೋಗ್ಬೇಕಾ, ನಿಮ್ ಕೈ ಮ್ಯಾಲಕ್ಕೆ ಹೋಗ್ಬೇಕಾ?"

ಮೂಟೆಯ ಮೇಲೆ ಕೂತೇ ಯೋಚಿಸಿದೆ. ಎತ್ತುತ್ತೇನೆ ಎಂದು ಹಟ ಹಿಡಿದು ಆ ಮಗುವನ್ನು ಮಂಟಪದ ಮೆಟ್ಟಿಲ ಮೇಲೆ ಬೀಳಿಸಿದರೆ ಏನು ಗತಿ? ಗಂಪ ತರಿಸು ಎಂದೆ.

ಮದುವೆಯ ದಿನ ಗಂಪ ಪಾವಗಡದ ಬಸ್ಸಿನ ಮೇಲೆ ಕೂತು ಬಂತು. ಸರೋಜ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ರೇಷ್ಮೆ ಸೀರೆ ಹಾಸಿದಳು. ಮುಂದಿನ ಎರಡು ಕಡೆಗೆ ನನ್ನ ದೊಡ್ಡಪ್ಪನ ಮಕ್ಕಳಿಬ್ಬರು, ಹಿಂದಿನ ಒಂದು ಕಡೆಗೆ ನಾನು. ನಾಲ್ಕನೆಯವನಾಗಿ ಪುಟ್ಟಸ್ವಾಮಿ ಪಂಚೆ ಕಟ್ಟಿ ಮುಂದೆ ಬಂದ. ಕಾಲಿನ ಸೂಪು ಕುಡಿದ ಮೇಷ್ಟ್ರ ಶಕ್ತಿ ನೋಡೋಣ ಎಂದು ಅವನು ಬಾಯಿ ತೆಗೆಯುವಷ್ಟರಲ್ಲಿ ಗಂಪದೊಳಗಿನಿಂದ ರಮ್ಯ, ಆ ಕಡೆ ನಮ್ಮತ್ತೆ ಹಿಡ್ಕೊಳ್ಲಿ ಎಂದಳು. ಹೆಂಗಸರು ಹಿಡಿಯುವ ಪದ್ಧತಿಯಿಲ್ಲ ಎಂದು ಯಾರೋ ಗೊಣಗಿದರು. ಗಿರಿಜ ಸೆರಗು ಸಿಕ್ಕಿಸಿ ಬಂದು ಹಿಡಿದೇಬಿಟ್ಟಳು.

ಮಂಟಪಕ್ಕೆ ಐದು ಮೆಟ್ಟಿಲು. ವಾಲಗ ಜೋರಾಯಿತು. ಒಂದು ಹತ್ತಿದೆವು, ಎರಡು ಹತ್ತಿದೆವು. ಮೂರನೆಯದಕ್ಕೆ ನನ್ನ ಬಲಮಂಡಿ ಕಟಕ್ ಎಂದು ಅಲ್ಲೇ ನಿಂತಿತು. ಗಂಪ ನನ್ನ ಕಡೆಗೆ ವಾಲಿತು. ರಮ್ಯಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಪಕ್ಕದಿಂದ ಗಿರಿಜಳ ದನಿ, ವಾಲಗದ ಸದ್ದಿನಲ್ಲಿ ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಬಂತು.

"ಎನಿಮಿದಿ."

ಎಂಟಕ್ಕೆ ಕಾಲು ಇಳಿಸುವುದು ನನ್ನ ತೊಡೆಗೆ ಮರೆತೇಹೋಗಿತ್ತು. ಹಲ್ಲು ಕಚ್ಚಿ ಹಿಡಿದೆ. ನಾಲ್ಕನೆಯ ಮೆಟ್ಟಿಲಿಗೆ ತೊಮ್ಮಿದಿ ಎಂದಳು, ಐದಕ್ಕೆ ಪದಿ ಎಂದಳು. ಗಂಪ ಹಸೆಯ ಪಕ್ಕಕ್ಕೆ ಇಳಿಯಿತು. ರಮ್ಯ ಇಳಿದು ಕೂರುವ ಮೊದಲು ನನ್ನ ಮುಖ ನೋಡಿ, ಅಭ್ಯಾಸ ಐತೆ ಮಾವ ಎಂದಳು. ನನ್ನ ಕಣ್ಣು ತುಂಬಿತು. ಅವಳ ಅಪ್ಪ ಇದ್ದಿದ್ದರೆ ಎಂದುಕೊಂಡೆ.

ಊಟಕ್ಕೆ ಗಿರಿಜ ಮಂಡಿಯವರ ಓಣಿಯಲ್ಲಿ ಎರಡು ಕುರ್ಚಿ ಹಿಡಿದಿಟ್ಟಿದ್ದಳು. ಯಾರ ಮುಖವನ್ನೂ ನೋಡದೆ ಹೋಗಿ ಕೂತೆ. ಎದುರು ಸಾಲಿನಿಂದ ಯಾರೋ ನಕ್ಕರು, ನಗಲಿ ಎಂದು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡೆ. ಪಕ್ಕದಲ್ಲಿ ಗಿರಿಜ ಸೀರೆಯ ಮೇಲಿಂದಲೇ ಮಂಡಿ ಒತ್ತಿಕೊಳ್ಳುತ್ತಿದ್ದಳು. ಏಳು ವರ್ಷ ತಡವಾಗಿ ನಾನು, ನೋಯ್ತಿದೆಯಾ ಎಂದು ಕೇಳಿದೆ. ಹೂಂ, ಎಡಗಡೆಯದು, ಒಳಗಡೆಯಿಂದ ಎಂದಳು. ಈ ಸಲ ಪೂರ್ತಿ ಕೇಳಿಸಿಕೊಳ್ಳಬೇಕು, ನಡುವೆ ಬಾಯಿ ಹಾಕಬಾರದು ಎಂದು ಗಟ್ಟಿ ಮನಸ್ಸು ಮಾಡಿ ಅವಳ ಕಡೆಗೆ ತಿರುಗಿದೆ. ಬಾಯಿ ಹಾಕಲೂ ಇಲ್ಲ. ಅವಳು ಮಾತು ನಿಲ್ಲಿಸಿ ನನ್ನ ಎಲೆಯನ್ನೇ ನೋಡುತ್ತಿದ್ದಾಳೆಂದು ಕೆಳಗೆ ನೋಡಿದರೆ, ನನ್ನ ಬೆರಳು ತಿಳಿಸಾರಿನಲ್ಲಿ ಅದ್ದಿಕೊಂಡು ಬಾಳೆಲೆಯ ಮೇಲೆ ತೊಡೆಮೂಳೆಯನ್ನು ಅರ್ಧ ಬರೆದು ಮುಗಿಸಿತ್ತು. ಗಿರಿಜ ತನ್ನ ಎಲೆಯ ಹಪ್ಪಳ ತೆಗೆದು ಅದರ ಮೇಲೆ ಮುಚ್ಚಿದಳು.